ಶಿವಮೊಗ್ಗದ ವಾರ್ಡ್ ಸದಸ್ಯರು: ಯಾರು ಬಂದರು, ಏನು ಮಾಡಿದರು, ಕುರ್ಚಿ ಖಾಲಿಯಾದದ್ದು ಹೇಗೆ

ಶಿವಮೊಗ್ಗ ಮಹಾನಗರ ಪಾಲಿಕೆಯ 35 ಸದಸ್ಯರ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಸಂವಿಧಾನದ 243ಯು ವಿಧಿಯಂತೆ ಅವಧಿ ಮುಗಿಯುವುದರೊಳಗೇ ಹೊಸ ಸದಸ್ಯರ ಆಯ್ಕೆ ಆಗಿರಬೇಕಿತ್ತು. ಆಗಲಿಲ್ಲ, ಪಾಲಿಕೆ ಆಡಳಿತಾಧಿಕಾರಿಯ ಕೈಗೆ ಹೋಯಿತು. ಚರಂಡಿ ಕಟ್ಟಿಕೊಂಡರೆ, ಬೀದಿದೀಪ ಆರಿದರೆ, ಖಾತೆ ಬದಲಾವಣೆ ತಿಂಗಳುಗಟ್ಟಲೆ ಕೂತರೆ ಜನ ಮೊದಲು ಹೋಗುತ್ತಿದ್ದದ್ದು ಕಾರ್ಪೊರೇಟರ್ ಮನೆಗೆ. ಆ ಮನೆಯವರು ಯಾರು, ಎಲ್ಲಿಂದ ಬಂದವರು, ಅವರಿಗೆ ನಿಜಕ್ಕೂ ಎಷ್ಟು ಅಧಿಕಾರವಿತ್ತು ಎಂಬುದು ಚುನಾವಣೆಯ ಹೊತ್ತಿನಲ್ಲೂ ಸರಿಯಾಗಿ ಚರ್ಚೆಯಾಗುವುದಿಲ್ಲ.

ಹಳೆಯ ಮೈಸೂರು ಸಂಸ್ಥಾನದಲ್ಲಿ ಪುರಸಭೆ ಎಂದರೆ ಮೊದಲಿಗೆ ಅಧಿಕಾರಿಗಳ ಸಮಿತಿ. 1862ರಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಶುರುವಾದ ಈ ಏರ್ಪಾಡು ಆಮೇಲೆ ಉಳಿದ ಊರುಗಳಿಗೂ ಬಂತು. ಅಧ್ಯಕ್ಷತೆ ಡೆಪ್ಯುಟಿ ಕಮಿಷನರ್ ಅಥವಾ ಅಮಲ್ದಾರರದ್ದು, ಸದಸ್ಯರು ಸರ್ಕಾರ ನೇಮಿಸಿದ ಊರಿನ ಗಣ್ಯರು. ಚುನಾವಣೆ ಬಂದಾಗಲೂ ಮತದ ಹಕ್ಕು ಸಿಕ್ಕಿದ್ದು ಕಂದಾಯ ಕಟ್ಟುವವರಿಗೆ, ಓದಿದವರಿಗೆ. ಹಾಗಾಗಿ ವಕೀಲರು, ಮಂಡಿ ವರ್ತಕರು, ಜಮೀನ್ದಾರರು ಸಭೆಯಲ್ಲಿ ಕೂತರು. ಸ್ವಾತಂತ್ರ್ಯಾನಂತರ ವಯಸ್ಕರೆಲ್ಲರಿಗೂ ಮತ ಬಂತು, 1964ರ ಕರ್ನಾಟಕ ಪೌರಸಭೆಗಳ ಕಾಯ್ದೆ ರಾಜ್ಯಕ್ಕೆಲ್ಲ ಒಂದೇ ಚೌಕಟ್ಟು ಕೊಟ್ಟಿತು. ಆದರೂ ಹಣ, ಜಾತಿ, ವ್ಯಾಪಾರದ ಬಲ ಇದ್ದವರದ್ದೇ ಮೇಲುಗೈ. ಭದ್ರಾವತಿಯಲ್ಲಿ ಮಾತ್ರ ಉಕ್ಕು ಮತ್ತು ಕಾಗದದ ಕಾರ್ಖಾನೆಗಳು ಇದ್ದದ್ದರಿಂದ ಕಾರ್ಮಿಕರ ಮಾತಿಗೆ ಊರಿನ ರಾಜಕೀಯದಲ್ಲಿ ಬೇರೆಯೇ ತೂಕವಿತ್ತು.

ಪುರಸಭೆ ದೊಡ್ಡ ರಾಜಕೀಯಕ್ಕೆ ಮೆಟ್ಟಿಲೂ ಆಯಿತು. ಬಿ.ಎಸ್. ಯಡಿಯೂರಪ್ಪ ಅವರ ಚುನಾಯಿತ ಜೀವನ ಶುರುವಾದದ್ದು 1970ರ ದಶಕದ ಶಿಕಾರಿಪುರ ಪುರಸಭೆಯಲ್ಲಿ. ಶಿವಮೊಗ್ಗ ಪಾಲಿಕೆಯಲ್ಲಿ ಉಪಮೇಯರ್ ಆಗಿದ್ದ ಎಸ್.ಎನ್. ಚನ್ನಬಸಪ್ಪ 2023ರಲ್ಲಿ ಶಾಸಕರಾದರು.

ಸಭೆಯ ಚಹರೆ ನಿಜವಾಗಿ ಬದಲಾದದ್ದು ಸಂವಿಧಾನದ 74ನೇ ತಿದ್ದುಪಡಿಯಿಂದ. 1993ರ ಜೂನ್ 1ರಂದು ಅದು ಜಾರಿಗೆ ಬಂತು. ಪರಿಶಿಷ್ಟರಿಗೆ ಜನಸಂಖ್ಯೆಯ ಪ್ರಮಾಣದಲ್ಲಿ, ಮಹಿಳೆಯರಿಗೆ ಮೂರನೇ ಒಂದರಷ್ಟು ಸ್ಥಾನ ಕಡ್ಡಾಯವಾಯಿತು. ಕರ್ನಾಟಕ ಆಮೇಲೆ ಮಹಿಳೆಯರ ಪಾಲನ್ನು ಅರ್ಧಕ್ಕೆ ಏರಿಸಿತು. ಹಿಂದುಳಿದ ವರ್ಗಗಳಿಗೆ ಮೂರನೇ ಒಂದು. ಹಿಂದುಳಿದವರನ್ನು ಎರಡು ಪಟ್ಟಿ ಮಾಡಿ, ಅದರಲ್ಲಿ ಶೇ 80 'ಎ' ವರ್ಗಕ್ಕೆ, ಶೇ 20 'ಬಿ' ವರ್ಗಕ್ಕೆ. 2011ರ ಜನಗಣತಿಯಲ್ಲಿ ಶಿವಮೊಗ್ಗ ಮೂರು ಲಕ್ಷ ದಾಟಿತ್ತು, 2013ರಲ್ಲಿ ನಗರಸಭೆ ಮಹಾನಗರ ಪಾಲಿಕೆಯಾಯಿತು. 2018ರ ಆಗಸ್ಟ್ 31ರ ಚುನಾವಣೆಯಲ್ಲಿ ಗೆದ್ದ ಸಭೆಗೆ ಲತಾ ಗಣೇಶ್, ಸುವರ್ಣ ಶಂಕರ್, ಸುನೀತಾ ಅಣ್ಣಪ್ಪ, ಎಸ್. ಶಿವಕುಮಾರ್ ಒಬ್ಬರಾದ ಮೇಲೊಬ್ಬರು ಮೇಯರ್. ನಾಲ್ವರಲ್ಲಿ ಮೂವರು ಮಹಿಳೆಯರು. ಮೀಸಲಾತಿ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಹೆಂಡತಿ ಗೆದ್ದು ಗಂಡ ಆಳುವ ವಾರ್ಡ್‌ಗಳೂ ಇವೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಇದಕ್ಕೆ ಕಾರಣ ಹೆಣ್ಣುಮಕ್ಕಳ ಸಾಮರ್ಥ್ಯವಲ್ಲ, ಮೀಸಲು ಪಟ್ಟಿ ಸುತ್ತುವ ರೀತಿ. ಒಂದು ಅವಧಿಗೆ ಮಹಿಳೆಗೆ ಮೀಸಲಾದ ವಾರ್ಡ್ ಮುಂದಿನ ಅವಧಿಗೆ ಬೇರೆ ವರ್ಗಕ್ಕೆ ಹೋಗುತ್ತದೆ. ಐದು ವರ್ಷ ಕಡತ ಓದಿ, ಎಂಜಿನಿಯರ್ ಜತೆ ವಾದಿಸಿ ಕೆಲಸ ಕಲಿತವರಿಗೆ ಟಿಕೆಟ್ ತಪ್ಪುತ್ತದೆ. ಹಳೆಯ ಆಕಾಂಕ್ಷಿ ಮನೆಯವರ ಹೆಸರಲ್ಲಿ ಮರಳುತ್ತಾರೆ. ಮೇಯರ್ ಅವಧಿಯಂತೂ ಕಾನೂನಿನಲ್ಲೇ ಒಂದು ವರ್ಷ. ಬಜೆಟ್ ಅರ್ಥವಾಗುವ ಹೊತ್ತಿಗೆ ಗೌನು ಕಳಚಬೇಕು.

ಕಲಿಯಬೇಕಾದ ಕೆಲಸವೂ ಸಣ್ಣದಲ್ಲ. ಕಾರ್ಯಾಂಗದ ಅಧಿಕಾರ ಇರುವುದು ಆಯುಕ್ತರಿಗೆ. ಸದಸ್ಯರಿಗಿರುವುದು ಸಭೆಯಲ್ಲಿ ನಿರ್ಣಯ ಮಾಡುವ, ಪ್ರಶ್ನಿಸುವ, ನಾಲ್ಕು ಸ್ಥಾಯಿ ಸಮಿತಿಗಳಲ್ಲಿ ಕಡತ ನೋಡುವ ಹಕ್ಕು. ತೆರಿಗೆ ಮತ್ತು ಹಣಕಾಸು, ಆರೋಗ್ಯ ಮತ್ತು ಶಿಕ್ಷಣ, ಪಟ್ಟಣ ಯೋಜನೆ, ಲೆಕ್ಕಪತ್ರ ಇವೇ ಆ ನಾಲ್ಕು. ಲೆಕ್ಕಪತ್ರ ಸಮಿತಿಗೆ ಹೋಗಲು ಯಾರೂ ಗುದ್ದಾಡುವುದಿಲ್ಲ, ಆದರೆ ಹಣ ಎಲ್ಲಿ ಸೋರಿತು ಎಂದು ತಿಳಿಯುವುದು ಅಲ್ಲೇ.

ವಾರ್ಡ್‌ನ ಒಂದು ಅಡ್ಡರಸ್ತೆಗೆ ನೂರು ಮೀಟರ್ ಚರಂಡಿ ಬೇಕು ಎಂದಿಟ್ಟುಕೊಳ್ಳಿ. ಸದಸ್ಯರು ಪತ್ರ ಕೊಡುತ್ತಾರೆ. ಕಿರಿಯ ಎಂಜಿನಿಯರ್ ಬಂದು ಅಳೆದು ಸರ್ಕಾರಿ ದರಪಟ್ಟಿಯ (ಎಸ್‌ಆರ್) ದರದಲ್ಲಿ ಅಂದಾಜು ಪಟ್ಟಿ ಮಾಡುತ್ತಾರೆ. ಅದು ಕ್ರಿಯಾಯೋಜನೆಗೆ ಸೇರಬೇಕು, ತಾಂತ್ರಿಕ ಮಂಜೂರಾತಿ ಸಿಗಬೇಕು, ಸಭೆ ಒಪ್ಪಬೇಕು, ಟೆಂಡರ್ ಆಗಿ ಕಾರ್ಯಾದೇಶ ಹೊರಡಬೇಕು. ಕೆಲಸ ಮುಗಿದ ಮೇಲೆ ಅಳತೆ ಪುಸ್ತಕದಲ್ಲಿ ಬರೆದು ಬಿಲ್ಲು. ಮಲೆನಾಡಿನಲ್ಲಿ ಕಾಂಕ್ರೀಟ್ ಹಾಕಲು ಸಿಗುವುದು ನವೆಂಬರ್‌ನಿಂದ ಮೇವರೆಗಿನ ದಿನಗಳು. ಮಾರ್ಚ್‌ನಲ್ಲಿ ಮಂಜೂರಾದ ಕೆಲಸದ ಗುಂಡಿ ತೋಡುವಷ್ಟರಲ್ಲಿ ಮಳೆ ಹಿಡಿಯುತ್ತದೆ, ಮಣ್ಣು ಕುಸಿಯುತ್ತದೆ, ಗುತ್ತಿಗೆದಾರ ಕೈಬಿಟ್ಟು ಹೋಗುತ್ತಾನೆ. ಅನುಭವಸ್ಥ ಸದಸ್ಯರು ಅಂದಾಜು ಪಟ್ಟಿಯನ್ನು ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಮಾಡಿಸುತ್ತಾರೆ.

ಸ್ಥಳದಲ್ಲಿ ಅವರು ಕೇಳುವ ಮೊದಲ ಪ್ರಶ್ನೆ, ಈ ನೀರು ಕೊನೆಗೆ ಹೋಗಿ ಸೇರುವುದು ಎಲ್ಲಿಗೆ? ಅಂದಾಜಿನಲ್ಲಿ ನೂರು ಮೀಟರ್ ಇರುತ್ತದೆ, ಅದರ ತುದಿಯ ಹಳೆಯ ಮೋರಿ ಇರುವುದಿಲ್ಲ. ಮೋರಿ ಕಿರಿದಾಗಿದ್ದರೆ ಹೊಸ ಚರಂಡಿ ನೀರನ್ನು ಇನ್ನಷ್ಟು ವೇಗವಾಗಿ ತಂದು ತಗ್ಗಿನ ಮನೆಗಳೊಳಗೆ ಬಿಡುತ್ತದೆ. ಚರಂಡಿಗೆ ಅಡ್ಡ ಹಾದ ಕುಡಿಯುವ ನೀರಿನ ಪೈಪಿಗೆ ಪ್ಲಾಸ್ಟಿಕ್ ಸಿಕ್ಕಿ ಕಟ್ಟೆಯಾಗುತ್ತದೆ. ಇಳಿಜಾರು ಯಾವ ಕಡೆ, ರಾಜಕಾಲುವೆ ಎಲ್ಲಿ ಒತ್ತುವರಿಯಾಗಿದೆ ಎಂಬುದು ವಾರ್ಡಿನಲ್ಲಿ ನಡೆದಾಡಿದವರಿಗೆ ಗೊತ್ತು. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ತಗ್ಗು ಬಡಾವಣೆಗಳಿಗೆ ನುಗ್ಗಿದಂಥ ಹೊತ್ತಿನಲ್ಲಿ ಯಾವ ಓಣಿಗೆ ಮೊದಲು ನೀರು, ಯಾವ ಮನೆಯಲ್ಲಿ ಏಳಲಾರದ ವೃದ್ಧರಿದ್ದಾರೆ ಎಂದು ಹೇಳಲು ಬೇಕಾದದ್ದೂ ಇದೇ ತಿಳಿವಳಿಕೆ.

ಹಣದ ತಲೆಬರಹಗಳೂ ಗೊತ್ತಿರಬೇಕು. ನಗರ ಸ್ಥಳೀಯ ಸಂಸ್ಥೆಗಳು ಪರಿಶಿಷ್ಟರ ಕಲ್ಯಾಣಕ್ಕೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಹಣ ಎತ್ತಿಡಬೇಕು. ಅರ್ಜಿ ಬಾರದಿದ್ದರೆ ಆ ಹಣ ಬಳಕೆಯಾಗದೆ ಕೂರುತ್ತದೆ. ಓಣಿಯ ವಿದ್ಯಾರ್ಥಿಗೋ ತ್ರಿಚಕ್ರ ವಾಹನ ಬೇಕಾದವರಿಗೋ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿ ಗಡುವಿನೊಳಗೆ ಅರ್ಜಿ ಹಾಕಿಸುವ ಸದಸ್ಯರ ಸೇವೆ ಫ್ಲೆಕ್ಸಿನಲ್ಲಿ ಕಾಣುವುದಿಲ್ಲ. ನನ್ನ ಲೆಕ್ಕದಲ್ಲಿ ಅದೇ ದೊಡ್ಡದು.

ಇದರ ನಡುವೆ ದೊಡ್ಡ ಕಾಮಗಾರಿಗಳು ಸಭೆಯಿಂದ ಜಾರಿವೆ. 2016ರಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದಾಗ ಕೆಲಸ ನಡೆಸಿದ್ದು ಪ್ರತ್ಯೇಕ ಕಂಪನಿ. ಹೊಸ ಬಡಾವಣೆ ನಗರಾಭಿವೃದ್ಧಿ ಪ್ರಾಧಿಕಾರದ್ದು, ನೀರಿನ ದೊಡ್ಡ ಯೋಜನೆ ನೀರು ಸರಬರಾಜು ಮಂಡಳಿಯದ್ದು. ರಸ್ತೆ ಅಗೆದವರು ಒಬ್ಬರು, ಬೈಸಿಕೊಂಡವರು ಕಾರ್ಪೊರೇಟರ್.

ಚುನಾವಣೆ ತಡವಾಗುವ ಕಾಯಿಲೆ ಪಾಲಿಕೆಗಷ್ಟೇ ಅಂಟಿದ್ದಲ್ಲ. ಸಾಗರ, ಶಿಕಾರಿಪುರಗಳಲ್ಲಿ 2019ರ ಮೇ ತಿಂಗಳಲ್ಲಿ ಗೆದ್ದವರು ಅಧ್ಯಕ್ಷರ ಆಯ್ಕೆಗೆ 2020ರ ಕೊನೆಯವರೆಗೆ ಕಾದರು. ಮೀಸಲು ಪಟ್ಟಿ ನ್ಯಾಯಾಲಯದಲ್ಲಿತ್ತು. ಹಿಂದುಳಿದ ವರ್ಗಗಳ ಮೀಸಲಿಗೆ ಆಯೋಗದ ಅಧ್ಯಯನ ಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಒತ್ತಿ ಹೇಳಿದ ಮೇಲೆ ರಾಜ್ಯ ಸರ್ಕಾರ 2022ರಲ್ಲಿ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ರಚಿಸಿತು; ಅದೇ ವರ್ಷ ವರದಿಯೂ ಬಂತು. ಅಂದಮೇಲೆ ಶಿವಮೊಗ್ಗದ ಅವಧಿ ಮುಗಿಯುವ ಮೊದಲು ಸಿದ್ಧತೆಗೆ ವರ್ಷಕ್ಕೂ ಹೆಚ್ಚು ಸಮಯವಿತ್ತು.

ಮತ ಕೇಳಲು ಬಂದವರ ಹಿನ್ನೆಲೆ ತಿಳಿಯಬೇಕಾದರೆ ನಾಮಪತ್ರದ ಜತೆಗಿನ ಪ್ರಮಾಣಪತ್ರ ಓದಿ. ಆಸ್ತಿ, ಸಾಲ, ಮೊಕದ್ದಮೆ, ವಿದ್ಯೆ ಎಲ್ಲ ಅದರಲ್ಲಿರುತ್ತದೆ. ಗೆದ್ದವರು ಪ್ರತಿ ವರ್ಷ ಆಸ್ತಿ ವಿವರ ಸಲ್ಲಿಸಬೇಕು. ಹಿಂದೆ ಸದಸ್ಯರಾಗಿದ್ದವರಾದರೆ ಸಾಮಾನ್ಯ ಸಭೆಯ ನಡಾವಳಿಯನ್ನು ಮಾಹಿತಿ ಹಕ್ಕಿನಲ್ಲಿ ಪಡೆದು, ಎಷ್ಟು ಸಭೆಗೆ ಬಂದರು, ಏನು ಕೇಳಿದರು ಎಂದು ನೋಡಬಹುದು. ಕಾನೂನಿನಲ್ಲಿ ವಾರ್ಡ್ ಸಮಿತಿಯೂ ಇದೆ: ಹತ್ತು ನಾಮನಿರ್ದೇಶಿತರು, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟರು, ಇಬ್ಬರು ನಿವಾಸಿಗಳ ಸಂಘದವರು. ಅದರ ಅಧ್ಯಕ್ಷತೆ ವಾರ್ಡ್ ಸದಸ್ಯರದ್ದು. ಚುನಾವಣೆ ನಡೆಯದಿದ್ದರೆ ಆ ಸಮಿತಿಗೂ ಅಧ್ಯಕ್ಷರಿಲ್ಲ.