ಅಪ್ಪ ಮಾತಾಡಿದ್ದಕ್ಕೆ ಎಲೆಕ್ಟ್ರೋಡ್ ಜರುಗಿತಾ?

ಪ್ರಶ್ನೆ: ಅಪ್ಪನಿಗೆ ಪಾರ್ಕಿನ್ಸನ್ಸ್. ಡಿಬಿಎಸ್ (ಮೆದುಳಿನ ಆಳಕ್ಕೆ ಎಲೆಕ್ಟ್ರೋಡ್ ಎಂಬ ತೆಳು ತಂತಿ ಇಳಿಸಿ, ಯಂತ್ರದಿಂದ ಸಣ್ಣ ಕರೆಂಟ್ ಕೊಟ್ಟು ನಡುಕ ತಗ್ಗಿಸುವ) ಆಪರೇಷನ್ ಆಯಿತು. ಮರುದಿನದ ಸ್ಕ್ಯಾನ್ ನೋಡಿ, ಎಲೆಕ್ಟ್ರೋಡ್ ಅಂದುಕೊಂಡ ಜಾಗದಿಂದ ಸ್ವಲ್ಪ ಆಚೆ ಇದೆ ಎಂದರು. ಆಪರೇಷನ್ ನಡೆಯುವಾಗ ಅಪ್ಪ ಮಾತಾಡುತ್ತಾ, ಕೈ ಆಡಿಸುತ್ತಾ ಇದ್ದರಂತೆ. ಅದಕ್ಕೇ ಹೀಗಾಯಿತಾ? (ಓದುಗರು, ಡೊಂಬಿವಲಿ)

ಇಲ್ಲ. ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಮಾಟುಂಗಾದಲ್ಲೂ ಕೇಳುತ್ತಾರೆ, ವಾಶಿಯಲ್ಲೂ ಕೇಳುತ್ತಾರೆ. "ಅವರು ಸುಮ್ನೆ ಮಲಗಿದ್ದಿದ್ರೆ ಸರಿಹೋಗ್ತಿತ್ತು" ಅಂತ ಮನೆಯವರೇ ಹೇಳುತ್ತಾರೆ, ಅದೂ ಪೇಷಂಟ್ ಎದುರಿಗೇ. ಮೊದಲೇ ನಡುಕದಿಂದ ಕುಗ್ಗಿಹೋದ ಮನುಷ್ಯನ ತಲೆಗೆ ಈ ಅಪವಾದ ಬೇರೆ. ದಯವಿಟ್ಟು ನಿಲ್ಲಿಸಿ.

ಅಪ್ಪನನ್ನು ಮಾತಾಡಿಸಿದ್ದು ಡಾಕ್ಟರೇ. ಮುಷ್ಟಿ ಬಿಗಿಹಿಡಿಯಿರಿ, ಬಿಡಿ, ಎಣಿಸಿ ಎಂದು ಹೇಳಿದ್ದೂ ಅವರೇ. ಕರೆಂಟ್ ಕೊಟ್ಟಾಗ ನಡುಕ ಇಳಿಯುತ್ತಾ, ಮಾತು ತೊದಲುತ್ತಾ ಎಂದು ನೋಡಲು ಅದು ಬೇಕು. ಆ ಹೊತ್ತಿನಲ್ಲಿ ತಲೆಬುರುಡೆಗೆ ಫ್ರೇಮ್ ಅನ್ನು ಸ್ಕ್ರೂ ಹಾಕಿ ಬಿಗಿದಿರುತ್ತಾರೆ. ಕೈ ಆಡಿಸಿದರೆ ತಲೆ ಕದಲುವುದಿಲ್ಲ.

ತಲೆ ಕದಲದೆಯೂ ಒಳಗಿನ ಮೆದುಳು ಜರುಗಬಹುದು. ಎಲ್ಲರೂ ಎಡವುವುದು ಇಲ್ಲೇ. ಮೆದುಳು ಸುಮಾರು 1.3 ಕೆ.ಜಿ. ಇದ್ದರೂ, ಸುತ್ತಲಿನ ದ್ರವದಲ್ಲಿ ತೇಲುವಾಗ ಅದರ ಭಾರ ಸುಮಾರು 50 ಗ್ರಾಂನಷ್ಟೇ. ನೀರಿನ ಪಾತ್ರೆಯಲ್ಲಿ ಗಿಣ್ಣಿನ ತುಂಡು ತೇಲುತ್ತಿದೆ ಅಂದುಕೊಳ್ಳಿ. ಪಾತ್ರೆಯನ್ನು ಎಷ್ಟೇ ಗಟ್ಟಿಯಾಗಿ ಹಿಡಿದುಕೊಳ್ಳಿ, ನೀರು ಸೋರಿದರೆ ಗಿಣ್ಣು ಕೆಳಗೆ ಕೂರುತ್ತದೆ. ಬುರುಡೆಗೆ ತೂತು ಮಾಡಿ ಮೇಲಿನ ಪೊರೆ ತೆರೆದಾಗ ಸ್ವಲ್ಪ ದ್ರವ ಹೊರಗೆ ಬರುತ್ತದೆ, ಆ ಜಾಗಕ್ಕೆ ಗಾಳಿ ಹೋಗುತ್ತದೆ. ಪೇಷಂಟ್ ಅಂಗಾತ ಮಲಗಿರುತ್ತಾರಲ್ವಾ? ಗಾಳಿ ಹಣೆಯ ಕಡೆ ಸೇರುತ್ತದೆ, ಮೆದುಳು ಹಿಂದಕ್ಕೆ ಇಳಿಯುತ್ತದೆ. ಆಪರೇಷನ್‌ಗೆ ಮೊದಲು ಸ್ಕ್ಯಾನ್ ನೋಡಿ ಗುರುತಿಟ್ಟ ಜಾಗವೂ ಅದರ ಜೊತೆ ಜರುಗುತ್ತದೆ.

ಇನ್ನೂ ನಂಬಿಕೆ ಇಲ್ಲದಿದ್ದರೆ ಇದನ್ನು ಕೇಳಿ. ಪೂರ್ತಿ ಅರಿವಳಿಕೆ ಕೊಟ್ಟು ಡಿಬಿಎಸ್ ಮಾಡುವ ಕಡೆಯೂ ಮೆದುಳು ಹೀಗೆ ಜರುಗುತ್ತದೆ. ಅಲ್ಲಿ ಪೇಷಂಟ್ ಒಂದು ಮಾತೂ ಆಡಿರುವುದಿಲ್ಲ.

ಒಂದೆರಡು ಮಿಲಿಮೀಟರ್ ಏನು ಮಹಾ ಅನ್ನಬೇಡಿ. ಪಾರ್ಕಿನ್ಸನ್ಸ್‌ಗೆ ಸಾಮಾನ್ಯವಾಗಿ ಗುರಿ ಇಡುವ ಸಬ್‌ಥಾಲಾಮಿಕ್ ನ್ಯೂಕ್ಲಿಯಸ್ ಎಂಬ ಮೆದುಳಿನ ಆಳದ ಭಾಗ ಇರುವುದೇ ಕೆಲವು ಮಿಲಿಮೀಟರ್. ಕರೆಂಟ್ ಪಕ್ಕದ ನರತಂತುಗಳಿಗೆ ತಾಗಿದರೆ ಮುಖ ಎಳೆಯುತ್ತದೆ, ಮಾತು ತೊದಲುತ್ತದೆ. ಅದಕ್ಕೇ ಸರ್ಜನ್‌ಗಳು ತೂತು ಚಿಕ್ಕದಿಡುತ್ತಾರೆ, ತಲೆಯ ಕಡೆ ಸ್ವಲ್ಪ ಎತ್ತರಿಸುತ್ತಾರೆ, ದ್ರವ ಸೋರದಂತೆ ಅಂಟು ಹಾಕುತ್ತಾರೆ. ಕೂದಲೆಳೆಯಂಥ ತಂತಿ ಇಳಿಸಿ ನರಕೋಶಗಳ ಸದ್ದನ್ನೂ ಕೇಳುತ್ತಾರೆ. ಹಳೆಯ ಸ್ಕ್ಯಾನ್ ಒಂದನ್ನೇ ನಂಬಿ ಕೂರುವುದಿಲ್ಲ.

ನಿಮ್ಮ ಸ್ಕ್ಯಾನ್ ಮರುದಿನದ್ದು. ಒಳಗೆ ಇನ್ನೂ ಗಾಳಿ ಇದ್ದಿರಬಹುದು. ಕೆಲವು ವಾರಗಳಲ್ಲಿ ಗಾಳಿ ಕರಗುತ್ತದೆ, ಮೆದುಳು ಮೇಲೇಳುತ್ತದೆ, ಜೊತೆಗೆ ಎಲೆಕ್ಟ್ರೋಡ್ ಕೂಡ ಸ್ವಲ್ಪ ಬಾಗುತ್ತದೆ. ಆಮೇಲಿನ ಸ್ಕ್ಯಾನ್ ನೋಡಿ ಮಾತಾಡಿ. ಒಂದು ಎಲೆಕ್ಟ್ರೋಡ್‌ನಲ್ಲಿ ನಾಲ್ಕು, ಹೊಸದರಲ್ಲಿ ಎಂಟು ಅಥವಾ ಇನ್ನೂ ಜಾಸ್ತಿ ಕಾಂಟ್ಯಾಕ್ಟ್ (ಕರೆಂಟ್ ಹೊರಬರುವ ಬಿಂದುಗಳು) ಇರುತ್ತವೆ. ಸರಿಯಾದ ಜಾಗದಲ್ಲಿರುವ ಕಾಂಟ್ಯಾಕ್ಟ್ ಆರಿಸಿದರೆ ಸಣ್ಣ ವ್ಯತ್ಯಾಸ ಎಷ್ಟೋ ಸಲ ಸರಿಹೋಗುತ್ತದೆ. ಇನ್ನು ಲೋಕಲ್‌ನ ನೂಕಾಟಕ್ಕೆ ಎಲೆಕ್ಟ್ರೋಡ್ ಜರುಗುತ್ತೆ ಅನ್ನುವ ಭಯವೂ ಬೇಡ. ಬುರುಡೆಯ ತೂತಿನ ಹತ್ತಿರ ಅದನ್ನು ಭದ್ರವಾಗಿ ಕೂರಿಸಿರುತ್ತಾರೆ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಯಂತ್ರ ಆನ್ ಮಾಡುವ ಮೊದಲೇ ಅಪ್ಪನ ನಡುಕ ಕಡಿಮೆಯಾಗಿರಬಹುದು. ಎಲೆಕ್ಟ್ರೋಡ್ ಇಳಿಸುವಾಗ ಆ ಜಾಗಕ್ಕೆ ಆಗುವ ಪುಟ್ಟ ಗಾಯ ಮತ್ತು ಊತದ ಪರಿಣಾಮ ಅದು. ಊತ ಇಳಿದ ಮೇಲೆ ನಡುಕ ವಾಪಸ್ ಬರುತ್ತದೆ. ಆಗ ಆಪರೇಷನ್ ಫೇಲ್ ಆಯಿತು ಎಂದು ಗಾಬರಿಯಾಗಬೇಡಿ. ಮೊದಲಿನ ಆ ದಿನಗಳಲ್ಲಿ, ವಾಸಿಯಾಯಿತು ಎಂದು ಡಾಕ್ಟರನ್ನು ಕೇಳದೆ ಮಾತ್ರೆಯನ್ನೂ ನಿಲ್ಲಿಸಬೇಡಿ.