ನೀರಿನ ಬಳಿ ಜಿಂಕೆ ಬೇಟೆ: ಕಾಯ್ದೆಯಿಂದ ಬಿಟ್ಟುಹೋದ 17ನೇ ಕಲಮು

ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ 2(16)ನೇ ಕಲಮಿನ ಪ್ರಕಾರ ಕೊಲ್ಲುವುದಷ್ಟೇ ಅಲ್ಲ, ವಿಷವಿಡುವುದು, ಉರುಳು ಹಾಕುವುದು, ಅಟ್ಟುವುದು, ಆಮಿಷ ಒಡ್ಡುವುದು ಮತ್ತು ಇವುಗಳ ಪ್ರಯತ್ನವೂ ಬೇಟೆಯೇ. ಇದು ಸುಲಭವಾಗಿ ತಲೆಗೆ ಹತ್ತುತ್ತದೆ.

ನನ್ನನ್ನು ಎರಡು ದಿನ ಕಾಡಿದ್ದು 17ನೇ ಕಲಮು. ನೀರಿನ ಗುಂಡಿ, ಉಪ್ಪು ನೆಕ್ಕುವ ಜಾಗ ಮತ್ತು ಅಲ್ಲಿಗೆ ಹೋಗುವ ದಾರಿಯಲ್ಲಿ ಯಾವ ಕಾಡುಪ್ರಾಣಿಯನ್ನೂ ಬೇಟೆಯಾಡಕೂಡದೆಂದು ಮೂಲ ಕಾಯ್ದೆಯ ಈ ಕಲಮು ಹೇಳುತ್ತಿತ್ತು. ಸ್ಯಾಂಡ್‌ಗ್ರೌಸ್ ಎಂಬ ಹಕ್ಕಿ ಮತ್ತು ನೀರುಹಕ್ಕಿಗಳಿಗೆ ಮಾತ್ರ ಈ ನಿರ್ಬಂಧವಿರಲಿಲ್ಲ. 1991ರ ತಿದ್ದುಪಡಿ ಈ ಕಲಮನ್ನೇ ತೆಗೆದುಹಾಕಿತು. ಹಾಗಾದರೆ ಕೆರೆಯಂಚಿನಲ್ಲಿ ಬೇಟೆಯಾಡಲು ಈಗ ಅಡ್ಡಿಯಿಲ್ಲವೇ ಎಂದು ನಾನು ತಪ್ಪಾಗಿ ತಿಳಿದಿದ್ದೆ.

ಗಂಟು ಬಿಚ್ಚಿದ್ದು ಹೀಗೆ. 1972ರಲ್ಲಿ ಪರವಾನಗಿ ಪಡೆದು ಬೇಟೆಯಾಡಲು ಅವಕಾಶವಿತ್ತು. ಪರವಾನಗಿ ಇದ್ದವನು ಎಲ್ಲಿ, ಯಾವಾಗ, ಹೇಗೆ ಬೇಟೆಯಾಡಬಾರದು ಎಂಬುದನ್ನು 17ನೇ ಕಲಮು ತಿಳಿಸುತ್ತಿತ್ತು. ರಾತ್ರಿ ಬೇಟೆ, ವಾಹನದಿಂದ ಬೇಟೆ, ನೀರಿನ ಬಳಿಯ ಬೇಟೆ ಎಲ್ಲವೂ ಆ ಸಾಲಿನವು. 1991ರಲ್ಲಿ ಪರವಾನಗಿಯ ಪದ್ಧತಿಯೇ ಹೋಗಿ, 9ನೇ ಕಲಮು ಕಾಯ್ದೆಯ ಅನುಸೂಚಿಗಳೆಂಬ ಪಟ್ಟಿಗಳಲ್ಲಿರುವ ಪ್ರಾಣಿಗಳ ಬೇಟೆಯನ್ನು ನೇರವಾಗಿ ನಿಷೇಧಿಸಿತು. ಅನುಮತಿಯೇ ಇಲ್ಲದ ಮೇಲೆ ಅದಕ್ಕೆ ಷರತ್ತು ಏಕೆ ಬೇಕು? ನಿಷೇಧ ಸಡಿಲವಾದದ್ದರಿಂದಲ್ಲ, ಪೂರ್ಣವಾದದ್ದರಿಂದಲೇ 17ನೇ ಕಲಮು ಹೋಯಿತು. ‘ಕೈಬಿಡಲಾಗಿದೆ’ ಎಂಬ ಪದ ಕಂಡಾಗ, ಆ ವಿಷಯ ಬೇರೆ ಯಾವ ಕಲಮಿನೊಳಗೆ ಸೇರಿಹೋಗಿದೆ ಎಂದು ಹುಡುಕುವ ಅಭ್ಯಾಸವನ್ನು ಇದಾದ ಮೇಲೆ ಬೆಳೆಸಿಕೊಂಡೆ. ಅನುಸೂಚಿಗಳನ್ನು ನೋಡುವಾಗಲೂ ಎಚ್ಚರ ಬೇಕು: ಹಳೆಯ ಪುಸ್ತಕಗಳಲ್ಲಿ ಚುಕ್ಕೆ ಜಿಂಕೆ 3ನೇ ಅನುಸೂಚಿಯಲ್ಲಿದೆ. 2022ರ ತಿದ್ದುಪಡಿಯ ನಂತರ 3ನೆಯದು ಸಸ್ಯಗಳ ಅನುಸೂಚಿ, ಪ್ರಾಣಿಗಳು ಮೊದಲ ಎರಡರಲ್ಲಿವೆ.

ನೀರಿನ ಜಾಗವನ್ನು ಆ ಕಾಲದಲ್ಲೇ ಪ್ರತ್ಯೇಕವಾಗಿ ಹೆಸರಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಬೇಸಿಗೆಯಲ್ಲಿ ಹಳ್ಳಗಳು ಬತ್ತಿದಾಗ ಜಿಂಕೆಗಳು ಉಳಿದ ಒಂದೆರಡು ಗುಂಡಿಗಳಿಗೇ ದಿನವೂ ಬರಬೇಕಾಗುತ್ತದೆ. ಕೆಸರಿನಲ್ಲಿ ಸೀಳುಗೊರಸಿನ ಗುರುತುಗಳು ಒಂದರ ಮೇಲೊಂದು ಬಿದ್ದು, ಪೊದೆಗಳ ನಡುವೆ ಒಂದು ಸಣ್ಣ ಜಾಡು ಸವೆದಿರುತ್ತದೆ. ಬಾಯಾರಿದ ಪ್ರಾಣಿಗೆ ಬೇರೆ ದಾರಿಯಿಲ್ಲ ಎಂಬುದನ್ನೇ ಬೇಟೆಗಾರ ಬಳಸಿಕೊಳ್ಳುತ್ತಾನೆ. ಅಭಯಾರಣ್ಯಕ್ಕೆ ಹರಿದುಬರುವ ನೀರನ್ನು ಅನುಮತಿಯಿಲ್ಲದೆ ತಿರುಗಿಸುವುದನ್ನೂ ತಡೆಯುವುದನ್ನೂ 29ನೇ ಕಲಮು ನಿಷೇಧಿಸುತ್ತದೆ. ಇದನ್ನು ಬೇಟೆಯ ಕಲಮುಗಳ ಜೊತೆಗೇ ಓದಿಕೊಳ್ಳಿ.

ಒಂದು ಉದಾಹರಣೆ: ಅಭಯಾರಣ್ಯದೊಳಗೆ ನೀರಿಗಿಳಿಯುವ ಜಾಡಿನಲ್ಲಿ, ಜಿಂಕೆಯ ಕುತ್ತಿಗೆಯೆತ್ತರಕ್ಕೆ ತಂತಿಯ ಉರುಳು ಕಟ್ಟಿದೆ, ಇನ್ನೂ ಏನೂ ಸಿಕ್ಕಿಲ್ಲ. ಕಟ್ಟಿದವನು ಬೇಟೆಯಾಡಿದನೇ? ಹೌದು, ಪ್ರಯತ್ನವೂ ಬೇಟೆಯೇ. ಸ್ಥಳ ಅಭಯಾರಣ್ಯವಾದ್ದರಿಂದ 51ನೇ ಕಲಮಿನಂತೆ ಶಿಕ್ಷೆ 3ರಿಂದ 7 ವರ್ಷಗಳ ಜೈಲು ಮತ್ತು ಕನಿಷ್ಠ 25,000 ರೂಪಾಯಿ ದಂಡ.