ಎರಡೇ ಟ್ರ್ಯಾಕ್‌ನಲ್ಲಿ ಹಿಡಿದ ಬೀಟಲ್ಸ್

ಬೀಟಲ್ಸ್ ತಂಡದ ಮೊದಲ ಆಲ್ಬಮ್ ‘ಪ್ಲೀಸ್ ಪ್ಲೀಸ್ ಮಿ’ಯ ಸ್ಟೀರಿಯೊ ಪ್ರತಿಯನ್ನು ಹೆಡ್‌ಫೋನ್ ಹಾಕಿ ಕೇಳಿ. ಆಮೇಲೆ ಒಂದು ಕಿವಿಯದನ್ನು ತೆಗೆಯಿರಿ, ಮತ್ತೆ ಇನ್ನೊಂದರದ್ದು. ಹೆಚ್ಚಿನ ಹಾಡುಗಳಲ್ಲಿ ಒಂದು ಕಡೆ ಹಾಡುವವರ ದನಿಯೇ ಮಾಯ, ಬರೀ ಗಿಟಾರ್, ಡ್ರಮ್ಸ್ ಉಳಿಯುತ್ತವೆ. ಹೆಡ್‌ಫೋನ್ ಕೆಟ್ಟಿಲ್ಲ. ಈ ಆಲ್ಬಮ್ ತಯಾರಾದದ್ದೇ ಹಾಗೆ.

1963ರ ಫೆಬ್ರುವರಿ 11, ಲಂಡನ್ನಿನ ಅಬ್ಬೆ ರೋಡ್‌ನ ಇಎಂಐ ಸ್ಟುಡಿಯೊ. ಆಲ್ಬಮ್‌ನ 14 ಹಾಡುಗಳಲ್ಲಿ 4 ಆಗಲೇ ಸಿಂಗಲ್ ರೆಕಾರ್ಡ್‌ಗಳಲ್ಲಿ ಬಂದಿದ್ದವು. ಉಳಿದ 10 ಹಾಡುಗಳನ್ನು ಅವತ್ತು ಒಂದೇ ದಿನ ಹಾಡಿ ನುಡಿಸಿದರು. ಟೇಪಿನ ಮೇಲೆ ಇದ್ದದ್ದು ಎರಡೇ ಟ್ರ್ಯಾಕ್, ಅಂದರೆ ಸದ್ದನ್ನು ಬೇರೆ ಬೇರೆಯಾಗಿ ಹಿಡಿದಿಡುವ ಎರಡೇ ಪಟ್ಟಿ. ಒಂದಕ್ಕೆ ವಾದ್ಯ, ಇನ್ನೊಂದಕ್ಕೆ ದನಿ. ಸ್ಟೀರಿಯೊ ಪ್ರತಿಯಲ್ಲಿ ಇವೇ ಎರಡು ಕಿವಿಗೆ ಹಂಚಿಹೋದವು. ಆದರೆ ಇದು ಸ್ಟೀರಿಯೊಗಾಗಿ ಮಾಡಿದ ಏರ್ಪಾಡಲ್ಲ. ಆಗ ಪಾಪ್ ಹಾಡು ಕೇಳುವವರ ಮನೆಗಳಲ್ಲಿ ಎಲ್ಲ ಸದ್ದನ್ನೂ ಒಂದಾಗಿಯೇ ಕೇಳಿಸುವ ಮೋನೊ ಪ್ಲೇಯರ್‌ಗಳೇ ಜಾಸ್ತಿ. ಕೊನೆಗೆ ಎರಡನ್ನೂ ಬೆರೆಸುವಾಗ ದನಿ ಎಷ್ಟಿರಬೇಕು, ವಾದ್ಯ ಎಷ್ಟಿರಬೇಕು ಅಂತ ಹದ ನೋಡಲು ನಿರ್ಮಾಪಕ ಜಾರ್ಜ್ ಮಾರ್ಟಿನ್‌ಗೆ ಇದು ಬೇಕಿತ್ತು.

ದನಿಯ ಕಡೆಯನ್ನಷ್ಟೇ ಗಮನವಿಟ್ಟು ಕೇಳಿದರೆ ಹಿಂದೆ ಡ್ರಮ್ಸ್ ಸಣ್ಣಗೆ ಕೇಳುತ್ತದೆ. ಎಲ್ಲರೂ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸುತ್ತಿದ್ದರಲ್ಲ, ಒಬ್ಬರ ಸದ್ದು ಇನ್ನೊಬ್ಬರ ಮೈಕ್‌ಗೂ ಹೋಗುತ್ತಿತ್ತು. ಎಂಜಿನಿಯರ್ ನಾರ್ಮನ್ ಸ್ಮಿತ್ ಈ ಸೋರಿಕೆಯನ್ನು ಪೂರ್ತಿ ತಡೆಯಲು ಹೋಗಲಿಲ್ಲ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಡ್ರಮ್ಸ್‌ನಿಂದ 3 ಮೀಟರ್ ದೂರದಲ್ಲಿ ಮೈಕ್ ಇದ್ದರೆ ಏಟು ಅಲ್ಲಿಗೆ ತಲುಪುವುದು ಸುಮಾರು 9 ಮಿಲಿಸೆಕೆಂಡ್ ತಡವಾಗಿ. ಇಷ್ಟು ಸಣ್ಣ ಅಂತರವನ್ನು ಮಿದುಳು ಎರಡು ಏಟು ಅಂತ ಎಣಿಸುವುದಿಲ್ಲ. ಒಂದೇ ಏಟು, ಆದರೆ ತುಂಬಿದ ಏಟು ಅನ್ನಿಸುತ್ತದೆ. ಈ ಆಲ್ಬಮ್‌ನಲ್ಲಿ ತಂಡ ಎದುರಿಗೇ ನಿಂತು ಹಾಡುತ್ತಿದೆ ಅನ್ನಿಸಲು ಈ ಸೋರಿಕೆಯೂ ಕಾರಣ. ನನಗಂತೂ ಅದು ದೋಷ ಅನ್ನಿಸುವುದೇ ಇಲ್ಲ.

‘ಮಿಸರಿ’ ಹಾಡಿನ ಪಿಯಾನೊ ಮಾತ್ರ ಬೇರೆ ಕಥೆ. ಫೆಬ್ರುವರಿ 20ರಂದು, ತಂಡ ಇಲ್ಲದಾಗ, ಮಾರ್ಟಿನ್ ಅದನ್ನು ಸೇರಿಸಿದರು. ಟೇಪನ್ನು ಅರ್ಧ ವೇಗದಲ್ಲಿ ಓಡಿಸಿ, ಒಂದು ಸ್ಥಾಯಿ ಕೆಳಗೆ, ನಿಧಾನವಾಗಿ ನುಡಿಸಿದರು. ಆಮೇಲೆ ಟೇಪನ್ನು ಮಾಮೂಲಿ ವೇಗದಲ್ಲಿ ಓಡಿಸಿದರೆ ವೇಗ ಎರಡು ಪಟ್ಟು, ಕಂಪನವೂ ಎರಡು ಪಟ್ಟು: ಸೆಕೆಂಡಿಗೆ 220 ಸಲ ಕಂಪಿಸುವ ಸ್ವರ 440ಕ್ಕೆ ಏರುತ್ತದೆ, ಸರಿಯಾಗಿ ಒಂದು ಸ್ಥಾಯಿ ಮೇಲೆ. ಶ್ರುತಿ ಸರಿಹೋಯಿತು. ಆದರೆ ತಂತಿಯ ಸದ್ದು ಏಳುವುದು, ಇಳಿಯುವುದು ಎಲ್ಲ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಹಾಗಾಗಿಯೇ ಆ ಪಿಯಾನೊ ಅಷ್ಟು ಚುರುಕು.

ಹತ್ತು ಹಾಡು ಹಾಡಿದ ಆ ಫೆಬ್ರುವರಿ 11ರಂದು ತಂಡದ ಗಾಯಕ ಜಾನ್ ಲೆನನ್‌ಗೆ ಜೋರು ನೆಗಡಿ. ನೆಗಡಿಯಾದಾಗ ಗಂಟಲಿನ ಧ್ವನಿತಂತುಗಳು ಊದಿಕೊಳ್ಳುತ್ತವೆ. ಅವು ಸರಿಯಾಗಿ ಮುಚ್ಚುವುದಿಲ್ಲ, ಸಂದಿಯಲ್ಲಿ ಗಾಳಿ ಸೋರುತ್ತದೆ, ಕಂಪನದ ತಾಳ ತಪ್ಪುತ್ತದೆ. ಸ್ವರದ ಜೊತೆ ಒರಟು ಸದ್ದು ಸೇರಿಕೊಳ್ಳುವುದು ಹೀಗೆ. ದಿನವಿಡೀ ಹಾಡಿದರೆ ಇದೆಲ್ಲ ಇನ್ನೂ ಜಾಸ್ತಿ. ಇದು ಗೊತ್ತಿದ್ದೇ ಗಂಟಲು ಹರಿಯುವಂಥ ‘ಟ್ವಿಸ್ಟ್ ಆ್ಯಂಡ್ ಶೌಟ್’ ಹಾಡನ್ನು ಕೊನೆಗೆ ಉಳಿಸಿಕೊಂಡಿದ್ದರು. ರಾತ್ರಿ ಹತ್ತು ದಾಟಿತ್ತು. ಲೆನನ್ ಒಂದೇ ಉಸಿರಿನಲ್ಲಿ ಎಂಬಂತೆ ಹಾಡಿ ಮುಗಿಸಿದರು. ಎರಡನೇ ಟೇಕ್‌ಗೂ ಪ್ರಯತ್ನ ನಡೆಯಿತು, ಆದರೆ ದನಿ ಉಳಿದಿರಲಿಲ್ಲ. ಆಲ್ಬಮ್‌ನಲ್ಲಿ ಇರುವುದು ಮೊದಲನೆಯದೇ.